ಒಂದೂವರೆ ಕೈಯ ಕತ್ತಿ

28 ವರ್ಷ ನಾನು ಮಕ್ಕಳಿಗೆ ಒಂದು ಸುಳ್ಳನ್ನು ಪಾಠ ಮಾಡಿಕೊಂಡು ಬಂದಿದ್ದೇನೆ. ಬೇಕೆಂದು ಮಾಡಿದ್ದಲ್ಲ. ಒಂಬತ್ತನೆಯ ತರಗತಿಯಲ್ಲಿ ಯುರೋಪಿನ ಊಳಿಗಮಾನ್ಯ ಪದ್ಧತಿ ಬಂದಾಗಲೆಲ್ಲ, ಊಟದ ನಂತರದ ಪೀರಿಯಡ್ಡಿನಲ್ಲಿ ತೂಕಡಿಸುವ ಹುಡುಗರನ್ನು ಎಬ್ಬಿಸಲು ನನ್ನ ಬಳಿ ಒಂದು ಕಥೆಯಿತ್ತು. ಆ ಕಾಲದ ನೈಟ್ ಎಂಬ ಯೋಧನ ಕತ್ತಿ ಹದಿನೈದು ಕೆ.ಜಿ. ತೂಗುತ್ತಿತ್ತು, ಕವಚ ತೊಟ್ಟ ಮೇಲೆ ಅವನು ತಾನಾಗಿ ಕುದುರೆ ಹತ್ತಲಾರ, ರಾಟೆ ಕಟ್ಟಿ ಎತ್ತಿ ಕೂರಿಸಬೇಕು, ಕೆಳಗೆ ಬಿದ್ದನೋ, ಅಂಗಾತ ಬಿದ್ದ ಆಮೆಯೇ ಸೈ. ಹೀಗೆ ಹೇಳಿ ನಾನು ಎರಡು ಕೈಯನ್ನೂ ಆಮೆಯ ಹಾಗೆ ಆಡಿಸಿದರೆ ಇಡೀ ತರಗತಿ ನಗುತ್ತಿತ್ತು. ನನಗೆ ಇದನ್ನು ಹೇಳಿದ್ದು ಬಿ.ಎ. ಓದುವಾಗ ನಮ್ಮ ಇತಿಹಾಸದ ಮೇಷ್ಟ್ರು. ಅವರೂ ಹಾಗೇ ಕೈ ಆಡಿಸಿದ್ದರು. ಸುಳ್ಳಿಗೂ ಒಂದು ಗುರುಪರಂಪರೆ ಇರುತ್ತದೆ ನೋಡಿ.

ಈ ಸುಳ್ಳು ನನ್ನ ಕೈಗೆ ಸಿಕ್ಕಿಬಿದ್ದದ್ದು ಕಳೆದ ಯುಗಾದಿಗೆ, ನನ್ನ ಮಗನ ದೆಸೆಯಿಂದ.

ರಘುವಿನ ಬಗ್ಗೆ ಸ್ವಲ್ಪ ಹೇಳಬೇಕು. ಎಂಜಿನಿಯರಿಂಗಿಗೆ ಸೇರಿಸಿದ್ದೆವು. ಎರಡನೆಯ ವರ್ಷದಲ್ಲಿ ಬಿಟ್ಟು, ಕಂಪ್ಯೂಟರಿನಲ್ಲಿ ಚಿತ್ರ ಮಾಡುವ ಕೋರ್ಸಿಗೆ ಸೇರಿಕೊಂಡ. ನಾನು ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೊರದೇಶದವರು ತಯಾರಿಸುವ ವಿಡಿಯೋ ಗೇಮುಗಳಿಗೆ ಬೇಕಾದ ಗಾಡಿ, ಕಟ್ಟಡ, ಆಯುಧ ಇಂಥವನ್ನೆಲ್ಲ ಇಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಮಾಡಿಕೊಡುವ ಕಂಪನಿ. ಬೆಂಗಳೂರಿನಲ್ಲಿ ಇಂಥ ಕೆಲಸ 1990ರ ದಶಕದ ಕೊನೆಯಿಂದಲೂ ನಡೆಯುತ್ತಿದೆಯಂತೆ; ನನಗೆ ಗೊತ್ತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಯಾರಾದರೂ ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಹೇಳಿ ಕೋಸಂಬರಿಯ ವಿಷಯಕ್ಕೆ ಹೋಗಿಬಿಡುತ್ತಿದ್ದೆ. ನನ್ನ ನಾದಿನಿ ಬಿಡುವವಳಲ್ಲ. "ಕಂಪ್ಯೂಟರ್ ಅಂದ್ರೆ ಏನು ಅತ್ತಿಗೆ, ಸಾಫ್ಟ್‌ವೇರಾ?" ಎಂದು ಕೆದಕುತ್ತಾಳೆ. ಅವಳ ಮಗ ಸಾಫ್ಟ್‌ವೇರು. ಆರು ವರ್ಷದಲ್ಲಿ ಒಂದು ದಿನವೂ ನಾನು ರಘುವನ್ನು ಕೂರಿಸಿಕೊಂಡು "ನೀನು ಬೆಳಗಿನಿಂದ ಸಂಜೆಯವರೆಗೆ ಏನು ಮಾಡ್ತೀಯ?" ಎಂದು ಕೇಳಿರಲಿಲ್ಲ. ಸಾವಿರಾರು ಮಕ್ಕಳನ್ನು ಪ್ರಶ್ನೆ ಕೇಳಿದವಳು ನಾನು.

ಯುಗಾದಿಯ ಮರುದಿನ ಅವನು ಜಗಲಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಮುಖ ಗಂಟು ಹಾಕಿ ಕುಳಿತಿದ್ದ. ಕಾಫಿ ಕೊಡಲು ಹೋದವಳು ಇಣುಕಿದೆ. ಪರದೆಯ ಮೇಲೆ ಎರಡು ಕತ್ತಿಗಳು ಬುಗುರಿಯ ಹಾಗೆ ನಿಧಾನವಾಗಿ ತಿರುಗುತ್ತಿದ್ದವು. ಒಂದು ತೆಳ್ಳಗೆ, ಸರಳವಾಗಿತ್ತು. ಇನ್ನೊಂದು ಅಗಲವಾಗಿ, ಇಟ್ಟಿಗೆಯಷ್ಟು ದಪ್ಪವಾಗಿ, ನೋಡಿದರೆ ಭಯವಾಗುವಂತಿತ್ತು.

"ಈ ತೆಳ್ಳಗಿರೋದು ನಾನು ಮಾಡಿದ್ದು. ಇದು ಸಪ್ಪೆ, ತೂಕ ಕಾಣೋದಿಲ್ಲ, ದಪ್ಪ ಮಾಡು ಅಂತ ವಾಪಸ್ಸು ಕಳಿಸಿದ್ರು. ದಪ್ಪದ್ದು ಅವರು ಕೇಳಿದ್ದು" ಎಂದ.

ನಾನು ಕನ್ನಡಕ ಸರಿಮಾಡಿಕೊಂಡು ನೋಡಿ, ದಪ್ಪದ್ದೇ ಸರಿಯಾಗಿದೆಯಲ್ಲ, ನಿನ್ನದು ಬಡಕಲು ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ಹದಿನೈದು ಕೆ.ಜಿ.ಯ ಕಥೆಯನ್ನೂ, ರಾಟೆಯನ್ನೂ, ಆಮೆಯನ್ನೂ ಹೇಳಿದೆ. ಅವನು ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ, "ಅಮ್ಮಾ, ನೀನು ಮಕ್ಕಳಿಗೆ ಹೀಗೇ ಹೇಳ್ಕೊಡ್ತೀಯಾ?" ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಹಂಗಿಸುವಿಕೆ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಬೈದುಬಿಡಬಹುದಿತ್ತು.

ಆ ದಿನದಿಂದ ಒಂದು ವಾರ ನಮ್ಮ ಮನೆಯಲ್ಲಿ ಕತ್ತಿಯದೇ ಮಾತು. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಈ ಮನೆಯಲ್ಲಿ ಇಷ್ಟು ದಿನ ಬಾಯೇ ಕತ್ತಿಯಾಗಿತ್ತು, ಈಗ ನಿಜವಾದದ್ದೂ ಬಂತು" ಎಂದರು.

ರಘು ಮಾಡಿದ್ದು ಇಂಗ್ಲಿಷಿನಲ್ಲಿ 'ಹ್ಯಾಂಡ್ ಅಂಡ್ ಎ ಹಾಫ್' ಎನ್ನುವ ಕತ್ತಿ. ಒಂದೂವರೆ ಕೈಯ ಕತ್ತಿ ಎನ್ನೋಣ. ಇದಕ್ಕೆ ಇನ್ನೊಂದು ಹೆಸರೂ ಇದೆ. ಅದನ್ನು ಹೇಳಲು ನನ್ನ ಮಗ ತಡವರಿಸಿದ. ಒಂದು ಕೈಯ ಕತ್ತಿಯ ಜಾತಿಗೂ ಸೇರದೆ, ಎರಡು ಕೈಯ ಕತ್ತಿಯ ಜಾತಿಗೂ ಸೇರದೆ ನಡುವೆ ಹುಟ್ಟಿದ್ದರಿಂದ ಅದನ್ನು 'ಬಾಸ್ಟರ್ಡ್' ಕತ್ತಿ ಎಂದರಂತೆ. ಹೆಸರಿಟ್ಟವರು ಗಂಡಸರೇ ಇರಬೇಕು. ಹಿಡಿ ಸ್ವಲ್ಪ ಉದ್ದ. ಬಲಗೈ ಪೂರ್ತಿ ಹಿಡಿದ ಮೇಲೂ ಎಡಗೈಗೆ ಒಂದಿಷ್ಟು ಜಾಗ ಉಳಿಯುತ್ತದೆ. ಕುದುರೆಯ ಮೇಲಿದ್ದರೆ ಒಂದು ಕೈ ಲಗಾಮಿಗೆ, ಒಂದು ಕೈ ಕತ್ತಿಗೆ. ನೆಲಕ್ಕಿಳಿದರೆ ಎರಡೂ ಕೈ ಕತ್ತಿಗೆ. ಸೊಂಟದಲ್ಲಿ ಮಗು, ಕೈಯಲ್ಲಿ ಸೌಟು, ಹಾಲು ಉಕ್ಕಿದರೆ ಮಗುವನ್ನು ಹಿಡಿದ ಕೈಯ ಎರಡು ಬೆರಳೂ ಕೆಲಸಕ್ಕೆ. ಈ ಒಂದೂವರೆ ಕೈಯ ಲೆಕ್ಕ ನಮಗೆ ಹೊಸದಲ್ಲ.

ಈ ಬಗೆಯ ಕತ್ತಿ ಯುರೋಪಿನಲ್ಲಿ ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂದು, ಹದಿನಾರನೆಯ ಶತಮಾನದವರೆಗೂ ನಡೆಯಿತು. ಒಟ್ಟು ಉದ್ದ ಸುಮಾರು 100ರಿಂದ 120 ಸೆಂಟಿಮೀಟರ್. ತೂಕ? ಹೆಚ್ಚಿನವು 1.2ರಿಂದ 1.6 ಕೆ.ಜಿ. ಅಷ್ಟೇ. ನಾನು ನಂಬಲಿಲ್ಲ. ಮ್ಯೂಸಿಯಮ್ಮುಗಳಲ್ಲಿ ಉಳಿದ ಕತ್ತಿಗಳನ್ನು ತೂಗಿ ಬರೆದ ಪಟ್ಟಿಗಳನ್ನೇ ಅವನು ತೆಗೆದು ತೋರಿಸಿದ. ಹದಿನಾರನೆಯ ಶತಮಾನದ ಕೂಲಿ ಸೈನಿಕರು ಹಿಡಿಯುತ್ತಿದ್ದ, ಆಳೆತ್ತರದ ಎರಡು ಕೈಯ ಕತ್ತಿಗಳೂ ಎರಡು ಮೂರು ಕೆ.ಜಿ.ಯ ಆಸುಪಾಸಿನವು. ಅದಕ್ಕಿಂತ ಭಾರದವು ಮೆರವಣಿಗೆಯಲ್ಲಿ ಎತ್ತಿ ಹಿಡಿಯಲು ಮಾಡಿಸಿದವು. ಅವನ್ನು ನೋಡಿಯೇ ಹಿಂದಿನವರು ಮೋಸ ಹೋಗಿರಬೇಕು. ಉತ್ಸವ ಮೂರ್ತಿಯ ಕಿರೀಟ ನೋಡಿ, ನಮ್ಮ ರಾಜರು ಅದನ್ನು ತಲೆಗಿಟ್ಟುಕೊಂಡೇ ಮಲಗುತ್ತಿದ್ದರು ಎಂದ ಹಾಗೆ.

ನಮ್ಮದು ತಿಪಟೂರು. ತೂಕದ ಮಾತು ಬಂದರೆ ಕೊಬ್ಬರಿಯ ಊರಿನವರು ಸುಮ್ಮನಿರುವುದಿಲ್ಲ. ರಘು ಬೀದಿಯ ಕೊನೆಯ ಬಡಗಿಯ ಹತ್ತಿರ ಹೋಗಿ, ಅಳತೆ ಕೊಟ್ಟು, ಒಂದು ಮರದ ಕತ್ತಿ ಮಾಡಿಸಿದ. ಮರ ಹಗುರವಾಯಿತು ಎಂದು, ನಮ್ಮ ಮಾವನವರ ಕಾಲದ ಅರ್ಧ ಕೆ.ಜಿ. ತೂಕದ ಕಲ್ಲನ್ನು ಹಿಡಿಯ ಬುಡಕ್ಕೆ ಬಿಗಿಯಾಗಿ ಕಟ್ಟಿ, ಪಕ್ಕದ ಅಂಗಡಿಯಲ್ಲಿ ತೂಗಿಸಿಕೊಂಡು ಬಂದ. 1.4 ಕೆ.ಜಿ. ಸುಲಿದ ಮೂರು ತೆಂಗಿನಕಾಯಿಯಷ್ಟೂ ಇಲ್ಲ. ನಮ್ಮ ಅತ್ತೆಯವರು ಕುಟ್ಟುತ್ತಿದ್ದ ಒನಕೆ ಇದಕ್ಕಿಂತ ಭಾರ. ಆ ಒನಕೆಯನ್ನು ಅವರು ಬೆಳಗಿನ ಜಾವ ಗಂಟೆಗಟ್ಟಲೆ ಎತ್ತಿ ಹಾಕುತ್ತಿದ್ದರು, ಹಾಡು ಬೇರೆ ಹೇಳಿಕೊಂಡು. ಅವರಿಗೆ ಯಾರೂ ನೈಟ್ ಪದವಿ ಕೊಡಲಿಲ್ಲ.

ಕೈಗೆ ಹಿಡಿದ ಮೇಲೆ ನನಗೆ ಇನ್ನೊಂದು ವಿಷಯ ತಿಳಿಯಿತು. ಕತ್ತಿಯ ಗುಟ್ಟು ತೂಕದಲ್ಲಿಲ್ಲ, ತೂಕ ಎಲ್ಲಿ ನಿಂತಿದೆ ಎನ್ನುವುದರಲ್ಲಿದೆ. ಹಿಡಿಯ ಬುಡದಲ್ಲಿ ಲೋಹದ ಗುಂಡೊಂದು ಇರುತ್ತದಲ್ಲ, ಅದು ಅಲಂಕಾರಕ್ಕಲ್ಲ. ಮುಂದಿನ ಉದ್ದ ಅಲಗನ್ನು ತೂಗಿಸಲು. ಒಳ್ಳೆಯ ಕತ್ತಿಯನ್ನು ಬೆರಳ ಮೇಲೆ ಅಡ್ಡಲಾಗಿ ನಿಲ್ಲಿಸಿದರೆ, ಅಡ್ಡಪಟ್ಟಿಯಿಂದ ನಾಲ್ಕೈದು ಅಂಗುಲ ಮುಂದೆಯೇ ಸಮತೂಕಕ್ಕೆ ಬರುತ್ತದೆ. ಅಲಗು ಹಿಡಿಯ ಬಳಿ ಸುಮಾರು ಆರೇಳು ಮಿಲಿಮೀಟರ್ ದಪ್ಪವಿದ್ದರೆ, ಮುಂದೆ ಹೋದಂತೆ ಸವೆದು ಸವೆದು ಮೊನೆಯ ಹತ್ತಿರ ಎರಡು ಮೂರಕ್ಕೆ ಇಳಿದಿರುತ್ತದೆ. ಅಲಗಿನ ನಡುವೆ ಉದ್ದಕ್ಕೆ ತೋಡಿದ ಗೆರೆ ಇರುತ್ತದೆ. ರಕ್ತ ಹರಿದುಹೋಗಲು ಎಂದು ನಾನೂ ಕೇಳಿದ್ದೆ. ಅದೂ ಕಟ್ಟುಕಥೆ. ಬಿಗಿ ಕಳೆದುಕೊಳ್ಳದೆ ತೂಕ ಇಳಿಸುವ ಉಪಾಯ ಅದು. ರಘುವಿನ ತೆಳು ಕತ್ತಿಯಲ್ಲಿ ಇದೆಲ್ಲ ಇತ್ತು. ತಿರುಗಿಸಿ ಪಕ್ಕದಿಂದ ನೋಡಿದರೆ ಅಲಗು ಬಾಳೆ ಎಲೆಯ ತುದಿಯ ಹಾಗೆ ತೆಳ್ಳಗಾಗುತ್ತಾ ಹೋಗುತ್ತಿತ್ತು. ನಾನು ಅದನ್ನು ಬಡಕಲು ಎಂದಿದ್ದೆ.

ಈ ಕತ್ತಿಗಳನ್ನೆಲ್ಲ ಬಗೆಬಗೆಯಾಗಿ ವಿಂಗಡಿಸಿ, ಯಾವ ಕಾಲಕ್ಕೆ ಯಾವ ಆಕಾರ ಎಂದು ಕ್ರಮ ಹಾಕಿದವನು ಇವಾರ್ಟ್ ಓಕ್‌ಶಾಟ್ ಎಂಬ ಇಂಗ್ಲಿಷಿನವನು (1916–2002). ವೃತ್ತಿಯಲ್ಲಿ ಅವನು ಪ್ರೊಫೆಸರನಲ್ಲ, ಚಿತ್ರ ಬರೆದು ಜೀವನ ಮಾಡಿದವನು. ಇದನ್ನು ರಘು ಎರಡು ಸಲ ಹೇಳಿದ. ಯಾಕೆಂದು ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಲೋಟ ಎತ್ತಿಕೊಂಡು ಒಳಗೆ ಹೋದೆ.

ಓಕ್‌ಶಾಟನ ಕ್ರಮದಲ್ಲಿ ನೋಡಿದರೆ ಕತ್ತಿಯ ಆಕಾರ ಕವಚದ ಹಿಂದೆ ಹಿಂದೆಯೇ ಹೋಗುತ್ತದೆ. ಯೋಧರು ಕಬ್ಬಿಣದ ಉಂಗುರಗಳನ್ನು ಹೆಣೆದ ಅಂಗಿ ತೊಡುತ್ತಿದ್ದಾಗ ಕತ್ತಿ ಅಗಲ, ಕಡಿಯಲು ಹೇಳಿಮಾಡಿಸಿದ್ದು. ಹದಿನಾಲ್ಕನೆಯ ಶತಮಾನದಲ್ಲಿ ಉಕ್ಕಿನ ತಗಡಿನ ಕವಚ ಬಂತು. ಅದರ ಮೇಲೆ ಎಷ್ಟು ಕಡಿದರೂ ಕೈ ನೋವೇ ಹೊರತು ಫಲವಿಲ್ಲ. ಆಗ ಅಲಗು ಮುಂದೆ ಮುಂದೆ ಕಿರಿದಾಗಿ, ದಬ್ಬಳದ ಹಾಗೆ ಚೂಪಾಯಿತು, ಕವಚದ ಸಂದಿಯಲ್ಲಿ ತಿವಿಯಲು. ಕಂಕುಳು, ಮೊಣಕೈ ಒಳಭಾಗ, ಮುಖದ ಜಾಲರಿ, ಅಲ್ಲೆಲ್ಲ ಸಂದಿ. ಗುರಿ ತಪ್ಪಬಾರದೆಂದು ಎಡಗೈಯಿಂದ ಅಲಗನ್ನೇ ನಡುವೆ ಹಿಡಿದುಕೊಳ್ಳುತ್ತಿದ್ದರು. ಕೆಲವು ಸಲ ಎರಡೂ ಕೈಯಿಂದ ಅಲಗು ಹಿಡಿದು, ಕತ್ತಿಯನ್ನು ತಲೆಕೆಳಗು ಮಾಡಿ, ಹಿಡಿಯ ಗುಂಡಿನಿಂದಲೇ ಸುತ್ತಿಗೆಯ ಹಾಗೆ ಶಿರಸ್ತ್ರಾಣದ ಮೇಲೆ ಬಡಿಯುತ್ತಿದ್ದರು. ಹದಿನೈದನೆಯ ಶತಮಾನದ ಜರ್ಮನ್ ಪುಸ್ತಕಗಳಲ್ಲಿ ಇದರ ಚಿತ್ರಗಳಿವೆ.

ಬಾಯಿ ಇರುವ ಅಲಗನ್ನು ಬರಿಗೈಯಲ್ಲಿ ಹಿಡಿದರೆ ಕೈ ಹೋಗುವುದಿಲ್ಲವೇ? ರಘು ಏನೇನೋ ವಿವರಿಸಿದ. ನನಗೆ ಅದು ಹೊಳೆದದ್ದು ಅಡಿಗೆಮನೆಯಲ್ಲಿ, ಟೊಮೇಟೊ ಹೆಚ್ಚುವಾಗ. ಮಾಗಿದ ಟೊಮೇಟೊ ಮೇಲೆ ಚಾಕು ಇಟ್ಟು ಬರೀ ಒತ್ತಿದರೆ ಹಿಚುಕುತ್ತದೆಯೇ ಹೊರತು ಸಿಪ್ಪೆ ಸೀಳುವುದಿಲ್ಲ. ಸ್ವಲ್ಪ ಎಳೆಯಬೇಕು. ಅಲಗು ಕತ್ತರಿಸುವುದು ಜಾರಿದಾಗ. ಜಾರದ ಹಾಗೆ ಗಟ್ಟಿಯಾಗಿ ಹಿಡಿದರೆ, ಅದೂ ಚರ್ಮದ ಕೈಗವಸಿನಲ್ಲಿ, ಕೈ ಉಳಿಯುತ್ತದೆ. ದಯವಿಟ್ಟು ಮನೆಯಲ್ಲಿ ಯಾರೂ ಪರೀಕ್ಷೆ ಮಾಡಬೇಡಿ.

ಇನ್ನು ನನ್ನ ಆಮೆ. ಒಂದು ಪೂರ್ಣ ತಗಡಿನ ಕವಚ ಸಾಮಾನ್ಯವಾಗಿ 20–25 ಕೆ.ಜಿ. ತೂಗುತ್ತಿತ್ತು. ಆದರೆ ಆ ಭಾರ ಒಂದೇ ಕಡೆ ಬೀಳದೆ ಹೆಗಲು, ಸೊಂಟ, ತೊಡೆ ಎಲ್ಲಕ್ಕೂ ಹಂಚಿಹೋಗುತ್ತಿತ್ತು. ಒಳಗೆ, ಹಳೆಯ ಬಟ್ಟೆಯನ್ನು ಪದರ ಪದರವಾಗಿ ಇಟ್ಟು ಹೊಲಿದ ನಮ್ಮ ಕೌದಿಯಂಥದ್ದೇ ಒಂದು ನಾರುಬಟ್ಟೆಯ ದಪ್ಪ ಅಂಗಿ. ಬಡವ ಸೈನಿಕನಿಗೆ ಅದೇ ಕವಚ. ಫ್ರಾನ್ಸಿನ ಬೂಸಿಕೋ ಎಂಬ ಸೇನಾಪತಿ ಕವಚ ತೊಟ್ಟುಕೊಂಡೇ ನೆಲದಿಂದ ಕುದುರೆಯ ಬೆನ್ನಿಗೆ ನೆಗೆಯುತ್ತಿದ್ದನೆಂದು ಅವನ ಜೀವನ ಬರೆದವರು ಹೇಳಿದ್ದಾರೆ. ರಾಟೆಯ ಕಥೆಯನ್ನು ಜನರ ಕಣ್ಣಿಗೆ ಕಟ್ಟಿದ್ದು ಲಾರೆನ್ಸ್ ಒಲಿವಿಯೇನ 1944ರ 'ಹೆನ್ರಿ ದಿ ಫಿಫ್ತ್' ಸಿನಿಮಾ. ನಮ್ಮ ಮೇಷ್ಟ್ರು ಇಂಗ್ಲಿಷ್ ಸಿನಿಮಾದ ಹುಚ್ಚಿನವರು, ಪಾಪ.

ಕತ್ತಿ ಹಿಡಿಯುವುದನ್ನು ಕಲಿಸಿದ ಗುರುಗಳ ಪುಸ್ತಕಗಳೂ ಉಳಿದಿವೆ. ಮೇಷ್ಟ್ರ ಜಾತಿಯವಳಾದ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಜರ್ಮನಿಯ ಲೀಖ್ಟೆನಾವರ್ ಎಂಬ ಗುರು ತನ್ನ ವಿದ್ಯೆಯನ್ನು ಪ್ರಾಸವಿಟ್ಟು ಪದ್ಯದಲ್ಲಿ ಕಟ್ಟಿದ, ಅದೂ ಹೊರಗಿನವರಿಗೆ ಅರ್ಥವಾಗದಂತೆ, ನಮ್ಮ ಬೆಡಗಿನ ವಚನದ ಹಾಗೆ. ಕತ್ತಿ ಹಿಡಿದು ನಿಲ್ಲುವ ನಾಲ್ಕು ಭಂಗಿಗಳಿಗೆ ಅವನ ಪರಂಪರೆಯಲ್ಲಿ ಇರುವ ಹೆಸರು ಕೇಳಿ: ಎತ್ತು, ನೇಗಿಲು, ದಡ್ಡ, ಸೂರು. ಮೊನೆಯನ್ನು ಎದುರಾಳಿಯ ಮುಖಕ್ಕೆ ಕೊಂಬಿನ ಹಾಗೆ ಹಿಡಿದರೆ ಎತ್ತು. ಸೊಂಟದ ಬಳಿಯಿಂದ ಮೇಲ್ಮುಖವಾಗಿ ಹಿಡಿದರೆ ನೇಗಿಲು. ಮೊನೆಯನ್ನು ನೆಲಕ್ಕೆ ಇಳಿಬಿಟ್ಟು, ಏನೂ ತಿಳಿಯದವನ ಹಾಗೆ ನಿಂತರೆ ದಡ್ಡ. ಕೊನೆಯ ಬೆಂಚಿನಲ್ಲಿ ಹೀಗೆ ನಿಂತು ನನ್ನನ್ನು ಸೋಲಿಸಿದವರು ಎಷ್ಟೋ ಜನ.

ಇಟಲಿಯ ಫಿಯೋರೆ ಎಂಬಾತ 1410ರ ಸುಮಾರಿಗೆ ಫೆರಾರದ ದೊರೆಗೆ ಅರ್ಪಿಸಿದ ಪುಸ್ತಕದಲ್ಲಿ ಒಬ್ಬ ಮನುಷ್ಯನ ಸುತ್ತ ನಾಲ್ಕು ಪ್ರಾಣಿಗಳಿವೆ. ಎದೆಗಾರಿಕೆಗೆ ಸಿಂಹ, ವೇಗಕ್ಕೆ ಹುಲಿ, ಎಚ್ಚರಕ್ಕೆ ಕಾಡುಬೆಕ್ಕಿನ ಜಾತಿಯ ಲಿಂಕ್ಸ್, ಮತ್ತು ಕಾಲ ಬಳಿ, ಬೆನ್ನ ಮೇಲೆ ಕೋಟೆ ಹೊತ್ತ ಆನೆ. ನೆಲೆ ಕದಲದೆ ನಿಲ್ಲುವುದಕ್ಕೆ ಆನೆ. ಅವನ ಭಂಗಿಗಳಲ್ಲಿ ಒಂದರ ಹೆಸರು 'ಹೆಂಗಸಿನ ನಿಲುವು'. ಕತ್ತಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಇಳಿಬಿಟ್ಟು ನಿಲ್ಲುವುದು. ನೋಡಲು ಆರಾಮವಾಗಿ ನಿಂತ ಹಾಗೆ. ಬೀಸಿದರೆ ಅದರಷ್ಟು ಬಲದ ಹೊಡೆತ ಇಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಇನ್ನೂ ಹಳೆಯ ಪುಸ್ತಕ, ಯುರೋಪಿನಲ್ಲಿ ಉಳಿದಿರುವ ಕತ್ತಿವರಸೆಯ ಪುಸ್ತಕಗಳಲ್ಲೆಲ್ಲ ಹಳೆಯದು, ಹದಿನಾಲ್ಕನೆಯ ಶತಮಾನದ ಆರಂಭದ್ದು. ಅದರಲ್ಲಿ ಒಬ್ಬ ಪಾದ್ರಿ ಶಿಷ್ಯನಿಗೆ ಪಾಠ ಹೇಳುತ್ತಾನೆ. ಕೊನೆಯ ಪುಟಗಳಲ್ಲಿ ಶಿಷ್ಯನ ಜಾಗಕ್ಕೆ ಒಬ್ಬ ಹೆಂಗಸು ಬರುತ್ತಾಳೆ. ಹೆಸರು ವಾಲ್‌ಪುರ್ಗಿಸ್. ಅವಳ ಕೈಯಲ್ಲಿರುವುದು ಒಂದು ಕೈಯ ಕತ್ತಿ ಮತ್ತು ಪುಟ್ಟ ಗುರಾಣಿ. ಉದ್ದ ಲಂಗ, ಬಿಟ್ಟ ಕೂದಲು. ಯಾರು, ಯಾಕೆ ಬಂದಳು, ಒಂದು ಮಾತಿಲ್ಲ. ಚಿತ್ರದಲ್ಲಿ ಮಾತ್ರ ಪಾದ್ರಿಗೆ ಸರಿಸಮವಾಗಿ ನಿಂತಿದ್ದಾಳೆ. ನಾನು ಆ ಪುಟವನ್ನು ಬಹಳ ಹೊತ್ತು ನೋಡಿದೆ.

ಇಷ್ಟೆಲ್ಲ ತಿಳಿದ ಮೇಲೆ ಗೇಮುಗಳ ಕಡೆ ಬಂದೆವು. ಗೇಮುಗಳ ಕತ್ತಿ ಬಹಳ ಕಾಲ ನನ್ನ ಪಾಠದ ಕತ್ತಿಯ ಹಾಗೇ ಇತ್ತಂತೆ. 1997ರ 'ಫೈನಲ್ ಫ್ಯಾಂಟಸಿ ಸೆವೆನ್' ಎಂಬ ಜಪಾನಿ ಆಟದ ನಾಯಕನ ಕತ್ತಿ ಬಾಗಿಲ ಹಲಗೆಯಷ್ಟು ಅಗಲ. 2015ರ 'ದಿ ವಿಚರ್ ತ್ರೀ' ಆಟದ ನಾಯಕ ಬೆನ್ನಿಗೆ ಎರಡು ಉದ್ದ ಕತ್ತಿ ಕಟ್ಟಿಕೊಂಡು ತಿರುಗುತ್ತಾನೆ. ಬೆನ್ನಿಂದ ಕತ್ತಿ ತೆಗೆಯಲು ಆಗುತ್ತದೆಯೇ ಎಂದು ನಾನು ಶಾಲೆಯ ಮೀಟರ್ ಸ್ಕೇಲನ್ನು ಸೆರಗಿನ ಹಿಂದೆ ಸಿಕ್ಕಿಸಿಕೊಂಡು ನೋಡಿದೆ. ಕೈ ಎಷ್ಟು ಮೇಲೆ ಎತ್ತಿದರೂ ಅರ್ಧದಷ್ಟು ಒಳಗೇ ಉಳಿಯಿತು. ಹಾಲಿನ ಹುಡುಗ ಗೇಟಿನಲ್ಲೇ ನಿಂತಿದ್ದ, ನನಗೆ ಗೊತ್ತಾಗಲಿಲ್ಲ. ಹೊರಗೆಳೆಯುವಾಗ 'ಝಣ್' ಎನ್ನುವ ಸದ್ದೂ ಬರೀ ಸಿನಿಮಾದ್ದು. ಆಗಿನ ಒರೆ ಮರದ್ದು, ಮೇಲೆ ಚರ್ಮ. ಮರಕ್ಕೆ ಉಜ್ಜಿದರೆ ಕಬ್ಬಿಣ ಹಾಡುವುದಿಲ್ಲ.

ಈ ಸುಳ್ಳುಗಳ ನಡುವೆ, ನಿಜ ಹೇಳಿಯೇ ಆಟ ಕಟ್ಟುತ್ತೇವೆಂದು ಹಟ ಹಿಡಿದವರು ಜೆಕ್ ದೇಶದ ಪ್ರಾಗ್ ನಗರದವರು. 2014ರಲ್ಲಿ ಜನರ ಮುಂದೆ ಜೋಳಿಗೆ ಹಿಡಿದರು. ಮೂರು ಲಕ್ಷ ಪೌಂಡ್ ಕೇಳಿದರೆ ಹನ್ನೊಂದು ಲಕ್ಷ ಪೌಂಡಿಗೂ ಮೀರಿ ಬಂತು. 2018ರಲ್ಲಿ 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್' ಹೊರಬಂತು. ಎರಡನೆಯ ಭಾಗ 2025ರ ಫೆಬ್ರವರಿಯಲ್ಲಿ. ರಘು ಇದನ್ನು ನನ್ನ ಎದುರಿಗೆ ಆಡಿ ತೋರಿಸಿದ. ಅದರಲ್ಲಿ ಮಾಟವಿಲ್ಲ, ಬೆಂಕಿ ಉಗುಳುವ ಪ್ರಾಣಿಯಿಲ್ಲ. 1403ನೆಯ ಇಸವಿಯ ಬೊಹೀಮಿಯ. ದೊರೆ ನಾಲ್ಕನೆಯ ವೆನ್ಸೆಸ್ಲಾಸನನ್ನು ಅವನ ಮಲತಮ್ಮ ಸಿಗಿಸ್ಮಂಡನೇ ಹಿಂದಿನ ವರ್ಷ ಸೆರೆ ಹಿಡಿದಿದ್ದಾನೆ. ಸ್ಕಾಲಿಟ್ಸ್ ಎಂಬ ಬೆಳ್ಳಿಗಣಿಯ ಊರನ್ನು ಅವನ ದಂಡು ಸುಡುತ್ತದೆ. ಊರ ಕಮ್ಮಾರನ ಮಗ ಹೆನ್ರಿ. ಅವನ ಅಪ್ಪ ದೊಡ್ಡವರಿಗಾಗಿ ಮಾಡಿದ ಒಂದು ಕತ್ತಿ ಕಳ್ಳರ ಪಾಲಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ಕಣ್ಣೆದುರೇ ಸಾಯುತ್ತಾರೆ. ಅಲ್ಲಿಂದ ಕಥೆ.

ಈ ಹುಡುಗನಿಗೆ ಮೊದಲಿಗೆ ಕತ್ತಿ ಹಿಡಿಯಲೇ ಬರುವುದಿಲ್ಲ. ಯಾರು ಬಂದರೂ ಹೊಡೆದು ಕೆಡವುತ್ತಾರೆ. ಬರ್ನಾರ್ಡ್ ಎಂಬ ದಳಪತಿಯ ಹತ್ತಿರ ದಿನಗಟ್ಟಲೆ ಅಭ್ಯಾಸ ಮಾಡಬೇಕು. ದಮ್ಮು ಕಟ್ಟಿದರೆ ಕೈ ಸೋಲುತ್ತದೆ. ಶಿರಸ್ತ್ರಾಣದ ಮುಚ್ಚಳ ಇಳಿಸಿದರೆ ಪರದೆಯೆಲ್ಲ ಕತ್ತಲೆ, ಸೀಳಿನಲ್ಲಿ ಮಾತ್ರ ಬೆಳಕು. ತಗಡಿನ ಕವಚದವನ ಮೇಲೆ ಕಡಿದರೆ ಫಲವಿಲ್ಲ. ಕತ್ತಿ ಮೊಂಡಾಗುತ್ತದೆ, ಸಾಣೆ ಹಿಡಿಯಬೇಕು. ಬಟ್ಟೆಗೆ ಕೆಸರು, ರಕ್ತ ಅಂಟುತ್ತದೆ, ಒಗೆಯಬೇಕು. ಒಗೆಯುವ ವಿಡಿಯೋ ಗೇಮು ಇದೆಯೆಂದು ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಹೆನ್ರಿಗೆ ಓದಲು ಬರುವುದಿಲ್ಲ. ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗಿ, ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ. ಉಝಿಟ್ಸ್ ಎಂಬ ಊರಿನ ಬರೆಹಗಾರನ ಹತ್ತಿರ ಹೋಗಿ ಕಲಿತರೆ, ನಿಧಾನವಾಗಿ ಒಂದೊಂದೇ ಪದ ಸ್ಪಷ್ಟವಾಗುತ್ತಾ ಬರುತ್ತದೆ. ಓದಲು ಬಾರದ ಮಗುವಿಗೆ ಪುಟ ಹೇಗೆ ಕಾಣುತ್ತದೆ ಎನ್ನುವುದನ್ನು ಬಿ.ಎಡ್. ಕಾಲೇಜು ನನಗೆ ಕಲಿಸಲಿಲ್ಲ. ಈ ಆಟ ಹತ್ತು ನಿಮಿಷದಲ್ಲಿ ತೋರಿಸಿತು. ನನ್ನ ಹಳೆಯ ಕೆಲವು ವಿದ್ಯಾರ್ಥಿಗಳ ಮುಖ ನೆನಪಾಗಿ ಗಂಟಲು ಕಟ್ಟಿತು. ಅವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಹಾಗೆಂದು ಇದೂ ಪೂರ್ತಿ ನಿಜವಲ್ಲ. ಒಬ್ಬನೇ ಹುಡುಗ ಐದಾರು ಜನರನ್ನು ಎದುರಿಸಿ ಉಳಿಯುತ್ತಾನೆ. ಗುರುವಿನ ಒಂದು ಪಟ್ಟು ಕೈಗೆ ಬಂದರೆ ಎದುರಾಳಿಯ ಪ್ರತಿ ಹೊಡೆತಕ್ಕೂ ಅದೇ ಮದ್ದು, ಪರೀಕ್ಷೆಗೆ ಗೈಡ್ ಸಿಕ್ಕ ಹಾಗೆ. ಫಿಯೋರೆಯ ಪುಸ್ತಕ ಶುರುವಾಗುವುದೇ ಕುಸ್ತಿಯಿಂದ. ಕತ್ತಿಗೆ ಕತ್ತಿ ತಗುಲಿದೊಡನೆ ಕೈ ಹಿಡಿದು ತಿರುಚುವುದು, ಕೆಡವುವುದು ಎಲ್ಲ ಅದರಲ್ಲಿದೆ. ಆಟದಲ್ಲಿ ಅದು ತೀರ ಕಡಿಮೆ. ಎರಡನೆಯ ಭಾಗದಲ್ಲಿ ಕುಲುಮೆಯ ಮುಂದೆ ನಿಂತು ಕತ್ತಿ ಬಡಿಯಬಹುದು. ಕೆಲವೇ ನಿಮಿಷಕ್ಕೆ ಕತ್ತಿ ಸಿದ್ಧ. ನಿಜದಲ್ಲಿ ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಒಬ್ಬ, ಹಿಡಿ ಕೂರಿಸುವವನು ಇನ್ನೊಬ್ಬ. ಓಡುವ ತೋಳದ ಗುರುತು ಹಾಕಿದ ಪಾಸೌ ಊರಿನ ಅಲಗುಗಳು ದೂರದೂರಕ್ಕೆ ಹೋಗುತ್ತಿದ್ದವು. ಉಕ್ಕಿನ ಮಾತು ಬಂದಾಗ ನನಗೂ ಸ್ವಲ್ಪ ಹೆಮ್ಮೆ ಬಂತು. ಇಂಗ್ಲಿಷಿನವರು 'ವೂಟ್ಸ್' ಎಂದು ಬರೆದುಕೊಂಡದ್ದು ನಮ್ಮ ಕಡೆಯ 'ಉಕ್ಕು' ಎಂಬ ಮಾತನ್ನೇ ಎಂದು ಬಹಳ ವಿದ್ವಾಂಸರು ಒಪ್ಪುತ್ತಾರೆ ಎಂದೆ. "ಹೌದಮ್ಮಾ, ಆದರೆ ಅದು ಹೋಗಿದ್ದು ಪಶ್ಚಿಮ ಏಷ್ಯಾದ ಕತ್ತಿಗೆ. ಈ ಕತ್ತಿ ಅವರ ಊರಿನ ಕಬ್ಬಿಣದ್ದೇ" ಎಂದ. ಇನ್ನೊಂದು ಸುಳ್ಳು ಪಾಠ ಅಲ್ಲಿಗೇ ತಪ್ಪಿತು.

ಒಂದು ವಿಷಯದಲ್ಲಿ ನಾನು ಸೋಲಲಿಲ್ಲ. ಸಾಯುವುದನ್ನು ಯಾವ ಆಟವೂ ನಿಜವಾಗಿ ತೋರಿಸುವುದಿಲ್ಲ ಎಂದೆ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿ ಊರಿನ ಗೋಡೆಯ ಹೊರಗೆ 1361ರ ಜುಲೈನಲ್ಲಿ ಡೆನ್ಮಾರ್ಕಿನ ದಂಡು ರೈತರನ್ನು ಕಡಿದುಹಾಕಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ಹೊಡೆತ ಬಹಳ ಬಿದ್ದಿರುವುದು ಮೊಣಕಾಲಿನ ಕೆಳಗೆ, ಕವಚವಿಲ್ಲದ ಜಾಗಕ್ಕೆ. ಅವರಲ್ಲಿ ಎಳೆಯ ಹುಡುಗರಿದ್ದರು, ಮುದುಕರಿದ್ದರು. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರ ಯುದ್ಧದ ಒಂದು ಗುಂಡಿ 1996ರಲ್ಲಿ ಸಿಕ್ಕಿತು. ಅಲ್ಲಿನ ತಲೆಬುರುಡೆಗಳ ಮೇಲೆ ಒಂದಲ್ಲ, ಹಲವು ಏಟುಗಳು. ಆಟದಲ್ಲಿ ಬಿದ್ದವನು ಮತ್ತೆ ಏಳುತ್ತಾನೆ. ಇವರು ಇನ್ನೂರು ಮುನ್ನೂರು ಅಲ್ಲ, ಐನೂರು ಆರುನೂರು ವರ್ಷ ಹಾಗೇ ಮಲಗಿದ್ದರು. ರಘು ವಾದ ಮಾಡಲಿಲ್ಲ. ಅದೇ ಆಟಕ್ಕೆ 2019ರಲ್ಲಿ ಸೇರಿಸಿದ ಇನ್ನೊಂದು ಭಾಗ ತೆಗೆದ. ಅದರಲ್ಲಿ ಹೆನ್ರಿಯಲ್ಲ, ತೆರೇಸಾ ಎಂಬ ಗಿರಣಿಯವರ ಮನೆಯ ಹುಡುಗಿಯಾಗಿ ಆಡಬೇಕು. ಊರು ಸುಡುವ ಅದೇ ದಿನ, ಅವಳ ಕಣ್ಣಿನಲ್ಲಿ. ಅಡಗಿಕೊಂಡು, ಓಡಿ, ನೀರು ಕೊಟ್ಟು, ಯಾರನ್ನು ಉಳಿಸಬಹುದೋ ಅವರನ್ನು ಉಳಿಸುವುದು. ನಾನು ಪೂರ್ತಿ ನೋಡಲಾರದೆ ದೇವರ ದೀಪ ಹಚ್ಚಬೇಕೆಂದು ಎದ್ದೆ. ಆಗಿನ್ನೂ ನಾಲ್ಕೂವರೆ.

ರಘುವಿನ ದಪ್ಪ ಕತ್ತಿಯೇ ಕೊನೆಗೆ ಹೋಯಿತು. ಸಂಬಳ ಕೊಡುವವರು ಕೇಳಿದ್ದು ಅದನ್ನು. ತೆಳು ಕತ್ತಿ ಅವನ ಲ್ಯಾಪ್‌ಟಾಪಿನಲ್ಲಿ ಉಳಿದಿದೆ. ಅಂಥ ಕೆಲಸ ಕೇಳುವವರೂ ಇದ್ದಾರೆ, ಅಲ್ಲಿಗೆ ಅರ್ಜಿ ಹಾಕುತ್ತೇನೆ ಎನ್ನುತ್ತಿದ್ದಾನೆ. ಈಗ ಭಾನುವಾರ ಫೋನ್ ಮಾಡಿದಾಗ ಊಟ ಆಯಿತಾ ಎಂದ ಮೇಲೆ, ಈ ವಾರ ಏನು ಮಾಡಿದೆ ಎಂದೂ ಕೇಳುತ್ತೇನೆ. ಹೋದ ವಾರ ಒಂದು ಗಾಡಿಯ ಚಕ್ರ.

ಆಗಸ್ಟಿನಲ್ಲಿ ಊಳಿಗಮಾನ್ಯ ಪದ್ಧತಿಯ ಪಾಠ ಬಂತು. ಮರದ ಕತ್ತಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ಶಾಲೆಗೆ ಒಯ್ದೆ. ಇಷ್ಟು ವರ್ಷ ನಾನು ಹೇಳಿದ್ದು ತಪ್ಪು ಎಂದೆ. ಹೇಳುವಾಗ ಕೈ ಸ್ವಲ್ಪ ನಡುಗಿತು. ಮಕ್ಕಳಿಗೆ ಅದರ ಪರಿವೆ ಇರಲಿಲ್ಲ, ಅವರ ಕಣ್ಣೆಲ್ಲ ಕತ್ತಿಯ ಮೇಲೆ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಕೊಟ್ಟೆ. ಎಲ್ಲಕ್ಕಿಂತ ಚೆನ್ನಾಗಿ 'ಹೆಂಗಸಿನ ನಿಲುವು' ನಿಂತವಳು ಮೂರನೆಯ ಸಾಲಿನ, ಎಂದೂ ಬಾಯಿ ಬಿಡದ ಹುಡುಗಿ. ಅವಳ ತಮ್ಮ ಎಂಟನೆಯ ತರಗತಿಯಲ್ಲಿದ್ದಾನೆ. ಅವಳ ಅಣ್ಣನಿಗೂ ನಾನೇ ಪಾಠ ಮಾಡಿದ್ದೆ, ಆಮೆಯ ಪಾಠ. "ಅಣ್ಣಂಗೆ ಹೇಳು" ಎಂದೆ. "ಹೇಳ್ತೀನಿ ಮಿಸ್, ಅವನು ಈಗಲೂ ಆಮೆ ಮಾಡ್ತಾನೆ" ಎಂದಳು.

ಆಯುಧಪೂಜೆಗೆ ರಘು ಬಂದಿದ್ದ. ನಮ್ಮ ಮನೆಯಲ್ಲಿ ಮಣೆಯ ಮೇಲೆ ಇಡುವುದು ಮಚ್ಚು, ಈಳಿಗೆಮಣೆ, ಹೊಲಿಗೆ ಯಂತ್ರದ ಕತ್ತರಿ, ನನ್ನ ಕೆಂಪು ಪೆನ್ನು. ಈ ಸಲ ಅವನ ಲ್ಯಾಪ್‌ಟಾಪನ್ನೂ, ಪಕ್ಕದಲ್ಲಿ ಮರದ ಕತ್ತಿಯನ್ನೂ ಇಟ್ಟೆ. ಅರಿಶಿನ ಕುಂಕುಮಕ್ಕೆ ಬಂದ ನಾದಿನಿ, "ಇದೇನು ಅತ್ತಿಗೆ, ನಾಟಕದ ಕತ್ತಿ?" ಎಂದಳು.

"ನಾಟಕದ್ದಲ್ಲ. ರಘು ಕತ್ತಿ ಮಾಡ್ತಾನೆ. ಕೂತ್ಕೋ, ಹೇಳ್ತೀನಿ" ಎಂದು ಅವಳಿಗೆ ಮಣೆ ಹಾಕಿದೆ.